ಅಡುಗೆಮನೆಯ ಮೇಲಿನ ಕಪಾಟು

ಹಾಸನದ ಶ್ರಾವಕ ಕುಟುಂಬವೊಂದು ಅಡುಗೆಮನೆಯ ನವೀಕರಣಕ್ಕೆ ಮೀಸಲಿಟ್ಟ ಹಣ ಮಿತವಾದುದು. ಕಟ್ಟೆಯ ಮೇಲೆ ಛಾವಣಿಯವರೆಗೂ ಮುಚ್ಚಿದ ಕಪಾಟು ಬೇಕೆಂಬುದು ಸೊಸೆಯ ಅಪೇಕ್ಷೆ. ಅತ್ತೆಯವರದು ಬೇರೆಯೇ ಚಿಂತೆ: ಕತ್ತಲೆಯ ಮೂಲೆಯಲ್ಲಿ ಜಿರಳೆ ಸೇರಿಕೊಂಡರೆ ಔಷಧ ಸಿಂಪಡಿಸುವ ಪಾಪ ಯಾರಿಗೆ?

ಬಡಗಿಯು ಚದರಡಿಯ ಲೆಕ್ಕ ಹಾಕಿ, ಹಣ ಉಳಿಸಲು ಪಾರ್ಟಿಕಲ್ ಬೋರ್ಡ್ ಸೂಚಿಸಿದನು. ಅದು ಅಗ್ಗವೇನೋ ಹೌದು. ಆದರೆ ನೀರು ತಗುಲಿದರೆ ಉಬ್ಬಿ, ತಿರುಪು ಸಡಿಲವಾಗಿ ಸಂದು ಬಿಡುತ್ತದೆ. ಆ ಸಂದೇ ಕ್ರಿಮಿಗಳಿಗೆ ನೆಲೆ. ಐ.ಎಸ್. 710 ಗುರುತಿನ, ನೀರು ತಡೆಯುವ ಪ್ಲೈವುಡ್ ದುಬಾರಿ. ಕಪಾಟಿನ ಅಳತೆ ತಗ್ಗಿಸಿದರೆ ಮಾತ್ರ ಕೈಗೆಟುಕುವಂಥದು.

ಆಗ ಸೊಸೆಯೇ ಪಾತ್ರೆಗಳನ್ನು ಎಣಿಸಿದಳು. (ಅಂಗಡಿಯ ದಾಸ್ತಾನಿಗೆ ಪಟ್ಟಿಯಿಡುವ ಮನೆಯಲ್ಲಿ ಪಾತ್ರೆಗಳಿಗೆ ಪಟ್ಟಿಯಿರಲಿಲ್ಲ!) ಅರ್ಧದಷ್ಟು ವರ್ಷಕ್ಕೊಮ್ಮೆಯೂ ಕೆಳಗಿಳಿಯದವು, ಅವು ಬಸದಿಯ ಭೋಜನಶಾಲೆಗೆ ಹೋದವು. ಉಳಿದವಕ್ಕೆ 12 ಅಂಗುಲ ಆಳದ, ಗಾಜಿನ ಬಾಗಿಲಿನ ಒಂದೇ ಕಪಾಟು ಸಾಕಾಯಿತು. ಒಳಗೆ ಜೀವವೇನಾದರೂ ಸೇರಿದರೆ ಕಣ್ಣಿಗೆ ಬೀಳುವುದು, ಮೆಲ್ಲನೆ ಹೊರಬಿಡಬಹುದು. ನಿತ್ಯದ ಪಾತ್ರೆಗಳಿಗೆ ಬಾಗಿಲಿಲ್ಲದ ಎರಡು ಹಲಗೆಗಳು, ಅತ್ತೆಯವರ ಕೈಗೆಟುಕುವ ಎತ್ತರದಲ್ಲಿ. ತೆರೆದ ಹಲಗೆಗೆ ಒಗ್ಗರಣೆಯ ಜಿಡ್ಡು ಅಂಟುವುದಂತೂ ನಿಜ. ವಾರಕ್ಕೊಮ್ಮೆ ಅದನ್ನು ಒರೆಸುವ ಕೆಲಸ ಮಗನ ಪಾಲಿಗೆ ಬಂದಿತು.