ತಂತಿಯಿಂದ ಸಭೆಗೆ ನೇರ ದಾರಿ

ಎಲೆಕ್ಟ್ರಿಕ್ ಗಿಟಾರ್ ಎರಡು ಭಾಗಗಳು ಕೂಡಿ ಪೂರ್ಣಗೊಳ್ಳುವ ವಾದ್ಯ. ವಾದಕರ ಕೈಯಲ್ಲಿರುವ ಮರದ ಮೈ ಮತ್ತು ಆರು ತಂತಿಗಳು ಅದರ ಮೊದಲ ಭಾಗವಾದರೆ, ಅವರ ಬೆನ್ನ ಹಿಂದೆ ನಿಂತಿರುವ ಆಂಪ್ಲಿಫೈಯರ್, ಅಂದರೆ ಬಳಕೆಯ ಮಾತಿನ ಆಂಪ್, ಎರಡನೆಯ ಭಾಗ. ವೀಣೆಗೆ ಅದರ ಕೊಡ ಹೇಗೋ ಈ ಗಿಟಾರಿಗೆ ಆಂಪ್ ಹಾಗೆ. ತಂತಿಯಲ್ಲಿ ಹುಟ್ಟಿದ ಸ್ವರಕ್ಕೆ ಬಣ್ಣ, ತೂಕ ಮತ್ತು ಕೊರತೆಯಿಲ್ಲದ ಕಂಠ ದೊರೆಯುವುದು ಅಲ್ಲಿಯೇ. ಆದ್ದರಿಂದ ಆಂಪ್‌ನ ನಾದವನ್ನು ಸಭೆಯ ಕೊನೆಯ ಸಾಲಿಗೆ ಮುಟ್ಟಿಸುವ ಪಿ.ಎ. ವ್ಯವಸ್ಥೆಗೆ, ಎಂದರೆ ಮಿಕ್ಸರ್ ಮತ್ತು ದೊಡ್ಡ ಧ್ವನಿವರ್ಧಕಗಳ ಜೋಡಣೆಗೆ, ಒಪ್ಪಿಸುವ ಕೆಲಸವು ವಾದ್ಯದ ಗುಣವನ್ನೇ ಕೈದಾಟಿಸುವ ಕೆಲಸವಾಗುತ್ತದೆ.

ರೂಢಿಯ ವಿಧಾನದಲ್ಲಿ ಈ ಹೊಣೆ ಮೈಕಿನದು. 1965ರಲ್ಲಿ ಬಂದ ಶೂರ್ ಎಸ್‌ಎಂ57ನಂತಹ ಗಟ್ಟಿಮುಟ್ಟಾದ ಮೈಕನ್ನು ಆಂಪ್‌ನ ಸ್ಪೀಕರಿಗೆ ಹೊದಿಸಿದ ಬಟ್ಟೆಗೆ ತಾಗುವಷ್ಟು ಸಮೀಪ ನಿಲ್ಲಿಸಿದರೆ, ವಾದಕರು ಕೇಳುವ ನಾದಕ್ಕೆ ಹತ್ತಿರವಾದ ನಾದ ಮಿಕ್ಸರ್ ಸೇರುತ್ತದೆ. ಆದರೆ ಮೈಕ್ ಸ್ಪೀಕರಿನ ನಡುವಿನಿಂದ ಅಂಚಿನ ಕಡೆಗೆ ಒಂದಂಗುಲ ಸರಿದರೂ ನಾದದ ಚುರುಕು ಮಂಕಾಗುತ್ತದೆ. ಪಕ್ಕದ ಡ್ರಮ್ಮಿನ ಪೆಟ್ಟುಗಳೂ ಅದೇ ಮೈಕಿನೊಳಗೆ ನುಗ್ಗುತ್ತವೆ. ಕಿರಿದಾದ ವೇದಿಕೆಯಲ್ಲಿ ಯಾರದೋ ಕಾಲು ತಗುಲಿ ಸ್ಟ್ಯಾಂಡ್ ತಿರುಗಿಬಿಟ್ಟರೆ ಅರ್ಧ ಗಂಟೆಯ ಹೊಂದಾಣಿಕೆ ವ್ಯರ್ಥವಾಗುತ್ತದೆ. ಮೈಕಿಲ್ಲದ ನೇರ ಜೋಡಣೆಯ ಹಂಬಲ ಮೂಡಿದ್ದು ಇಂತಹ ತೊಡಕುಗಳಿಂದ.

ಈ ಹಂಬಲಕ್ಕೆ ದೀರ್ಘ ಇತಿಹಾಸವಿದೆ. ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಸ್ಟುಡಿಯೋದಲ್ಲಿ 1960ರ ದಶಕದಲ್ಲಿಯೇ ಜೇಮ್ಸ್ ಜೇಮರ್ಸನ್ ಅವರ ಬೇಸ್ ಗಿಟಾರನ್ನು ಮೈಕಿನ ಹಂಗಿಲ್ಲದೆ ನೇರವಾಗಿ ಧ್ವನಿಮುದ್ರಿಸುತ್ತಿದ್ದರು, ಮತ್ತು ಆ ದುಂಡನೆಯ, ಸ್ಪಷ್ಟವಾದ ಮಂದ್ರವು ಇಂದಿಗೂ ಬೇಸ್ ವಾದಕರಿಗೆ ಪಾಠವಾಗಿದೆ. ಲಂಡನ್ನಿನಲ್ಲಿ 1968ರಲ್ಲಿ ಬೀಟಲ್ಸ್ ತಂಡವು ‘ರೆವಲ್ಯೂಷನ್’ ಗೀತೆಗಾಗಿ ಗಿಟಾರುಗಳನ್ನು ಆಂಪ್ ಇಲ್ಲದೆ ಸ್ಟುಡಿಯೋದ ಮಿಕ್ಸಿಂಗ್ ಮೇಜಿಗೇ ಜೋಡಿಸಿ, ಅದರ ಒಳಗಿನ ವರ್ಧಕಗಳನ್ನು ಮಿತಿಮೀರಿ ದುಡಿಸಿದಾಗ ಹೊರಟದ್ದು ಕಿವಿಯನ್ನು ಗೀರುವ, ಸೀಳಿದ ನಾದ. ಆ ಗೀತೆಗೆ ಅದೇ ಬೇಕಾಗಿತ್ತು. ಮಂದ್ರದ ಬೇಸ್ ನೇರ ದಾರಿಯಲ್ಲಿ ಸುಖವಾಗಿ ಸಾಗುತ್ತದೆ, ಮಿತಿಮೀರಿ ವರ್ಧಿಸಿದ ಗಿಟಾರ್ ಅದೇ ದಾರಿಯಲ್ಲಿ ಕರ್ಕಶವಾಗುತ್ತದೆ ಎಂಬ ತಿಳಿವಳಿಕೆಗೆ ಈ ಎರಡು ನಿದರ್ಶನಗಳು ಸಾಕು.

ಕಾರಣ ಸ್ಪೀಕರಿನಲ್ಲಿದೆ. ಗಿಟಾರ್ ಆಂಪ್‌ನ 12 ಅಂಗುಲದ ಕಾಗದದ ಸ್ಪೀಕರ್ ಸೆಕೆಂಡಿಗೆ ಸುಮಾರು 5,000 ಕಂಪನಗಳ ಆಚೆಗಿನ ಸ್ವರಾಂಶಗಳನ್ನು ಬಹುಮಟ್ಟಿಗೆ ಹೊರಗೆ ಬಿಡುವುದೇ ಇಲ್ಲ, ಆದರೆ ಪಿ.ಎ. ಧ್ವನಿವರ್ಧಕಗಳು ಮಾನವ ಶ್ರವಣದ ಮೇಲಿನ ಎಲ್ಲೆಯಾದ 20,000 ಕಂಪನಗಳ ಸಮೀಪದವರೆಗೂ ಎಲ್ಲವನ್ನೂ ನಿಷ್ಪಕ್ಷಪಾತವಾಗಿ ನುಡಿಸುತ್ತವೆ. ಆಂಪ್‌ನಲ್ಲಿ ಹುಟ್ಟಿದ ಒರಟು ಅಂಶಗಳನ್ನು ಕಾಗದದ ಆ ಶಂಕು ಜರಡಿಯಂತೆ ಸೋಸುತ್ತಿತ್ತು. ಜರಡಿ ತೆಗೆದೊಡನೆ ಬಿಸಿ ಬಾಣಲೆಗೆ ನೀರು ಚಿಮುಕಿಸಿದಂತಹ ಚರಚರ ಸದ್ದು ಪ್ರತಿ ಸ್ವರದ ಮೇಲೂ ಕೂರುತ್ತದೆ. ಹೀಗಾಗಿ ನೇರ ಜೋಡಣೆಯ ಮೊದಲ ನಿಯಮವೆಂದರೆ ಕೈಬಿಟ್ಟ ಸ್ಪೀಕರನ್ನು ಬೇರೊಂದು ರೂಪದಲ್ಲಿ ಮರಳಿ ತರುವುದು. 1989ರಲ್ಲಿ ನ್ಯೂಯಾರ್ಕಿನಿಂದ ಬಂದ ಸಾನ್ಸ್‌ಆಂಪ್ ಎಂಬ ಪುಟ್ಟ ಪೆಟ್ಟಿಗೆ ಆಂಪ್ ಮತ್ತು ಸ್ಪೀಕರುಗಳ ಈ ಗುಣವನ್ನು ಅನಲಾಗ್ ವಿದ್ಯುತ್ ಘಟಕಗಳಿಂದಲೇ ಅನುಕರಿಸಿತು. ಇಂದಿನ ಡಿಜಿಟಲ್ ಉಪಕರಣಗಳು ಇಂಪಲ್ಸ್ ರೆಸ್ಪಾನ್ಸ್ ಅನ್ನು, ಅಂದರೆ ನಿಜವಾದ ಸ್ಪೀಕರ್ ಪೆಟ್ಟಿಗೆಯೊಂದು ತನಗೆ ಕೊಟ್ಟ ಕ್ಷಣಮಾತ್ರದ ಸದ್ದಿಗೆ ಹೇಗೆ ಸ್ಪಂದಿಸಿತೆಂಬ ದಾಖಲೆಯನ್ನು, ಆಧಾರವಾಗಿಟ್ಟುಕೊಂಡು ಅದೇ ಕೆಲಸವನ್ನು ಮಾಡುತ್ತವೆ.

ಎರಡನೆಯ ಉಪಕರಣ ಡಿ.ಐ. ಬಾಕ್ಸ್, ಅಂದರೆ ವಾದ್ಯದ ವಿದ್ಯುತ್ ಸಂಕೇತವನ್ನು ನೇರವಾಗಿ ಮಿಕ್ಸರಿಗೆ ಒಪ್ಪಿಸುವ ಸಾಧನ. ಅಂಗೈಯಗಲದ ಈ ಲೋಹದ ಡಬ್ಬಿಯನ್ನು ಬಿಚ್ಚಿ ನೋಡಿದರೆ, ಅದರ ಸರಳ ಮಾದರಿಯಲ್ಲಿ ಕಾಣುವುದು ಮುಖ್ಯವಾಗಿ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್, ಅಂದರೆ ಒಂದೇ ಕಬ್ಬಿಣದ ತಿರುಳಿಗೆ ಸುತ್ತಿದ ಎರಡು ತಾಮ್ರದ ಸುರುಳಿಗಳು. ಸುತ್ತುಗಳ ಪ್ರಮಾಣ 12ಕ್ಕೆ 1 ಇದ್ದಾಗ ವೋಲ್ಟೇಜ್ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿದು, ಮಿಕ್ಸರಿನ ಮೈಕ್ ಕಿಂಡಿ ಸಹಿಸುವಷ್ಟು ಮೆದುವಾಗುತ್ತದೆ. ಹೊರಬರುವ ಮೂರು ಎಳೆಯ ಕೇಬಲ್ಲಿನಲ್ಲಿ ಒಂದೇ ಸಂಕೇತವು ಎರಡು ಎಳೆಗಳಲ್ಲಿ ಪರಸ್ಪರ ತಲೆಕೆಳಗಾಗಿ ಹರಿಯುತ್ತದೆ. ದಾರಿಯಲ್ಲಿ ಎರಡಕ್ಕೂ ಸಮನಾಗಿ ಅಂಟಿದ ಗಲಭೆಯನ್ನು ಮಿಕ್ಸರ್ ಅವೆರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಂಡು ಅಳಿಸಿಹಾಕುತ್ತದೆ. ಭಾರತದ ವೇದಿಕೆಗಳಲ್ಲಿ ಕೇಳಿಬರುವ ಗುಂಯ್‌ಗುಡುವಿಕೆಯ ಬೇರು ಇಲ್ಲಿನ ಮನೆಮನೆಯ ವಿದ್ಯುತ್ತಿನ 50 ಹರ್ಟ್ಜ್ ಕಂಪನದಲ್ಲಿದೆ. ಆಂಪ್ ಮತ್ತು ಮಿಕ್ಸರ್ ಎರಡು ಬೇರೆ ದಾರಿಗಳಿಂದ ಅರ್ತ್ ಸೇರಿದಾಗ ಆ ಸದ್ದು ನಾದದೊಳಗೆ ನುಸುಳುತ್ತದೆ, ಮತ್ತು ಡಬ್ಬಿಯ ಮೇಲಿನ ಗ್ರೌಂಡ್ ಲಿಫ್ಟ್ ಗುಂಡಿಯನ್ನು ಸರಿಸಿದರೆ ಅದು ಸಾಮಾನ್ಯವಾಗಿ ಒಮ್ಮೆಲೆ ನಿಂತುಬಿಡುತ್ತದೆ. ಅದರ ಬದಲು ಆಂಪ್‌ನ ಪ್ಲಗ್ಗಿನ ಅರ್ತ್ ಪಿನ್ನನ್ನೇ ಕಿತ್ತುಹಾಕುವ ಅಭ್ಯಾಸ ಪ್ರಾಣಕ್ಕೆ ಎರವಾಗಬಲ್ಲದು.

ಯಾವ ಕಿಂಡಿಯಿಂದ ಸಂಕೇತವನ್ನು ಹೊರತೆಗೆಯಬೇಕೆಂಬುದು ಮೂರನೆಯ ವಿವೇಕ. ಆಂಪ್‌ನ ಹಿಂಬದಿಯಲ್ಲಿ ಲೈನ್ ಔಟ್ ಇದ್ದರೆ ಅದೇ ಸುರಕ್ಷಿತ. ಸ್ಪೀಕರಿಗೆಂದು ಮೀಸಲಾದ ಕಿಂಡಿಯಿಂದ 100 ವ್ಯಾಟಿನ ಆಂಪ್ 8 ಓಮ್ ಸ್ಪೀಕರಿಗೆ ಸುಮಾರು 28 ವೋಲ್ಟ್ ಕಳುಹಿಸುತ್ತದೆ, ಮೈಕಿನಿಂದಲಾದರೋ ಮಿಕ್ಸರಿಗೆ ಬರುವುದು ಕೆಲವೇ ಮಿಲಿವೋಲ್ಟ್. ಇವೆರಡನ್ನು ಅದಲುಬದಲು ಮಾಡಿದರೆ ಮಿಕ್ಸರ್ ಉಳಿಯುವ ಭರವಸೆಯಿಲ್ಲ. ವಾಲ್ವ್ ಆಂಪ್, ಅಂದರೆ ನಿರ್ವಾತ ನಳಿಗೆಗಳಿಂದ ದುಡಿಯುವ ಆಂಪ್, ಆದರಂತೂ ಸ್ಪೀಕರನ್ನು ಕಳಚಿ ಬರಿದೆ ನುಡಿಸಲೇಬಾರದು, ಏಕೆಂದರೆ ಸ್ಪೀಕರಿನ ಭಾರವಿಲ್ಲದ ಆಂಪ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಉಕ್ಕೇರಿ ಅದನ್ನೇ ಸುಟ್ಟುಹಾಕಬಹುದು. ಸ್ಪೀಕರ್ ಬೇಡವೆನ್ನುವವರು ಅದರ ಸ್ಥಾನದಲ್ಲಿ ಲೋಡ್ ಬಾಕ್ಸನ್ನು, ಅಂದರೆ ಆ ಶಕ್ತಿಯನ್ನು ಶಾಖವಾಗಿ ಅರಗಿಸಿಕೊಳ್ಳುವ ಪೆಟ್ಟಿಗೆಯನ್ನು, ಇಡಬೇಕು.

ಇಷ್ಟೆಲ್ಲ ಎಚ್ಚರದ ಫಲವನ್ನು ಕಾರ್ಯಕ್ರಮಕ್ಕೆ ಮುಂಚಿನ ಖಾಲಿ ಸಭಾಂಗಣದಲ್ಲಿ ಸವಿಯಬೇಕು. ಮಿಕ್ಸರಿನ ಚಾನೆಲ್ ಮುಚ್ಚಿ, ಕೇಬಲ್ ಚುಚ್ಚಿ, ಚಾನೆಲ್ ಮತ್ತೆ ತೆರೆದು, ಗೇನ್ ಗುಂಡಿಯನ್ನು ಕೆಳಗಿನಿಂದ ಇಷ್ಟಿಷ್ಟೇ ತಿರುಗಿಸುತ್ತ ಹೋದಂತೆ ಕೆಳತಂತಿಯ ಒಂದು ಮೀಟು ಮೊದಲು ದೂರದ ಮಾತಿನಂತೆ, ಬಳಿಕ ಎದೆಗೆ ತಾಗುವಂತೆ ಸಭೆಯ ಎರಡೂ ಬದಿಗಳಿಂದ ತುಂಬಿಬರುತ್ತದೆ. ಬೆರಳು ತಂತಿಯ ಮೇಲೆ ಜಾರುವ ಸೂಕ್ಷ್ಮ ಸದ್ದು ಕೂಡ ಕಡೆಯ ಕುರ್ಚಿಗೆ ತಲುಪುತ್ತದೆ. ವೇದಿಕೆಯ ಅಬ್ಬರ ತಗ್ಗಿದ್ದರಿಂದ ಗಾಯಕರಿಗೆ ತಮ್ಮ ಶ್ರುತಿ ತಮಗೇ ಕೇಳುತ್ತದೆ. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡುಗಳು ಇದೇ ನೇರ ದಾರಿಯಲ್ಲಿ ಮಿಕ್ಸರ್ ಸೇರುತ್ತವೆ. ಪಿಕಪ್, ಅಂದರೆ ವಾದ್ಯದ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ, ಅಂಟಿಸಿಕೊಂಡ ವೀಣೆಗೂ ಈ ದಾರಿ ತೆರೆದೇ ಇದೆ.

ಆದರೂ ಬೆನ್ನಿಗೆ ಬಡಿಯುವ ಗಾಳಿ, ಸ್ಪೀಕರಿನೆದುರು ನಿಂತಾಗ ಆರದೆ ಉಳಿಯುವ ತಂತಿಯ ಕಂಪನ ಇವು ವಾದಕರ ಕೈಯನ್ನು ನಡೆಸುವ ಶಕ್ತಿಗಳು. ಅನುಕೂಲವಿರುವಲ್ಲಿ ಆಂಪ್‌ನ ಸ್ಪೀಕರನ್ನು ಸಣ್ಣ ದನಿಯಲ್ಲಿ ವಾದಕರಿಗಾಗಿ ಉಳಿಸಿ, ಲೈನ್ ಔಟ್‌ನಿಂದ ಸೋಸಿದ ನಾದವನ್ನು ಸಭೆಗೆ ಕಳುಹಿಸುವುದೇ ಎಲ್ಲಕ್ಕಿಂತ ಉತ್ತಮ ಕ್ರಮ. ಮೈಕನ್ನು ಬಿಟ್ಟು ಬದುಕಬಹುದು. ಸ್ಪೀಕರಿನ ಗುಣವನ್ನು ಬಿಟ್ಟರೆ ಗಿಟಾರ್ ಅರ್ಧ ವಾದ್ಯವಾಗಿ ಉಳಿಯುತ್ತದೆ.