ಬಾದಾಮಿಯ ಸೋಲು, ಕಂಚಿಯ ಗೆಲುವು

ಜಪಾನಿನ ಸಮುರಾಯಿ ವೀರರ ಕಥೆಯನ್ನು ಟಿ.ವಿ.ಯಲ್ಲಿ ನೋಡಿದ ಮೊಮ್ಮಗ, "ಅಜ್ಜಾ, ನಮ್ಮ ಕಡೆ ಇಂಥಾ ಮನೆತನ ಇರಲಿಲ್ಲೇನು?" ಎಂದು ಕೇಳಿದ. ಇರದೇನು! ಇಳಕಲ್ಲಿನಲ್ಲಿ ಬಸ್ಸು ಹತ್ತಿ, ಹುನಗುಂದ, ಅಮೀನಗಡ ದಾಟಿ ಐಹೊಳೆಗೆ ಹೋದರೆ ಸಾಕು, ಚಾಲುಕ್ಯರ ನಾಡು ಶುರುವಾಗುತ್ತದೆ. (ಅಮೀನಗಡವನ್ನು ಕರದಂಟು ಕೊಳ್ಳದೆ ದಾಟುವುದು ಮಾತ್ರ ಕಷ್ಟ.)

ಐಹೊಳೆಯಲ್ಲಿ ಮೇಗುತಿ ಗುಡ್ಡ ಹತ್ತಬೇಕು. ನನ್ನ ವಯಸ್ಸಿನವರು ನಡುವೆ ಎರಡು ಸಲ ಕೂತು ಹತ್ತಿದರೂ ಅಡ್ಡಿಯಿಲ್ಲ. ಮೇಲಿನ ಜಿನಾಲಯದ ಗೋಡೆಯಲ್ಲಿ ಕವಿ ರವಿಕೀರ್ತಿಯ ಸಂಸ್ಕೃತ ಶಾಸನವಿದೆ. ಉತ್ತರದ ಹರ್ಷವರ್ಧನನನ್ನು ನಮ್ಮ ಇಮ್ಮಡಿ ಪುಲಕೇಶಿ ಸೋಲಿಸಿದ ಸುದ್ದಿ ಅದರಲ್ಲಿದೆ. ಜೀವನವಿಡೀ ಬ್ಯಾಂಕಿನ ಚಲನ್ನುಗಳ ತಾರೀಖು ನೋಡಿದ ನನಗೆ ಹಿಡಿಸಿದ್ದು ಬೇರೆಯೇ. ಕವಿ ವರ್ಷವನ್ನು ಸ್ಪಷ್ಟವಾಗಿ ಹೇಳಿದ್ದಾನೆ: ಶಕ 556. ಮಕ್ಕಳೇ, ಅದಕ್ಕೆ 78 ಕೂಡಿಸಿ. 634 ಬಂತೇ?

ಅಲ್ಲಿಂದ ಎಂಟೇ ವರ್ಷ. 642ರಲ್ಲಿ ಕಂಚಿಯ ಪಲ್ಲವ ದೊರೆ ನರಸಿಂಹವರ್ಮ ದಂಡೆತ್ತಿ ಬಂದು, ರಾಜಧಾನಿ ಬಾದಾಮಿಯನ್ನೇ ಹಿಡಿದ. ಊರಿಗೆ ಆಗ ವಾತಾಪಿ ಎಂದು ಹೆಸರು. ಪುಲಕೇಶಿ ಆ ಯುದ್ಧದಲ್ಲೇ ಮಡಿದನೆಂದು ಇತಿಹಾಸಕಾರರು ಹೇಳುತ್ತಾರೆ. ಗೆದ್ದವನು 'ವಾತಾಪಿಕೊಂಡ' ಎಂಬ ಬಿರುದು ಧರಿಸಿದ. ಬಾದಾಮಿಯ ಬಂಡೆಯ ಮೇಲೆ ಅವನ ಕಾಲದ ಶಾಸನ ಇಂದಿಗೂ ಇದೆ. ಊರನ್ನು ಮರಳಿ ಪಡೆಯಲು ಚಾಲುಕ್ಯರಿಗೆ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಕಲ್ಲಿನ ಮೇಲೆ ವೈರಿಯ ಹೆಸರನ್ನು ದಿನಾ ನೋಡುತ್ತ ಬೆಳೆದ ಮಕ್ಕಳು ಏನಂದುಕೊಂಡಾರು? 'ನಮಗೂ ಒಂದು ದಿನ ಬರುತ್ತದೆ' ಅಂತಲೇ ಅಲ್ಲವೇ?

ಆ ದಿನ ಬಂತು. ಸುಮಾರು ನೂರು ವರ್ಷದ ಮೇಲೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಒಳಹೊಕ್ಕ. ಎದುರಿಗೆ ಪಲ್ಲವರ ಹೆಮ್ಮೆಯ ಕೈಲಾಸನಾಥ ದೇವಾಲಯ, ಅದರ ಸಂಪತ್ತು. ಅವನು ಸುಡಲಿಲ್ಲ, ದೋಚಲಿಲ್ಲ. ಎಲ್ಲವನ್ನೂ ನೋಡಿ ದೇವರಿಗೇ ಮರಳಿ ಬಿಟ್ಟುಕೊಟ್ಟ. ಅದನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಕ್ಯಾಶ್ ಕೌಂಟರಿನಲ್ಲಿ ಕೂತವನಿಗೆ ಗೊತ್ತು, ಪರರ ಹಣ ಕಣ್ಣೆದುರು ಇರುವಾಗ ಮನಸ್ಸನ್ನು ಹಿಡಿದಿಡುವುದು ಎಂಥ ಕೆಲಸವೆಂದು. ಇವನಿಗಾದರೋ ಕೇಳುವವರೂ ಇರಲಿಲ್ಲ, ಲೆಕ್ಕ ತಪಾಸಣೆಯವರೂ ಇರಲಿಲ್ಲ.

ಈ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟಿಸಿದಳು. ಅದೇ ವಿರೂಪಾಕ್ಷ ದೇವಾಲಯ. ಅದರಲ್ಲಿ ಕಂಚಿಯ ಗುಡಿಯ ಹೋಲಿಕೆ ಎದ್ದು ಕಾಣುತ್ತದೆ. ವೈರಿಯ ಊರಿನಿಂದ ತಂದದ್ದು ಹೊನ್ನಲ್ಲ, ಗುಡಿ ಕಟ್ಟುವ ಬಗೆ! ಕಟ್ಟಿದ ಶಿಲ್ಪಿ ಗುಂಡನ ಹೆಸರೂ ಶಾಸನದಲ್ಲಿದೆ. ಹೆಚ್ಚು ದಿನ ಕಳೆಯುವ ಮೊದಲೇ ರಾಷ್ಟ್ರಕೂಟರು ಚಾಲುಕ್ಯರ ರಾಜ್ಯವನ್ನು ಕಿತ್ತುಕೊಂಡರು. ಗುಡಿ ಉಳಿಯಿತು. 1987ರಲ್ಲಿ ಪಟ್ಟದಕಲ್ಲು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ವಿರೂಪಾಕ್ಷನಿಗೆ ಈಗಲೂ ಪೂಜೆ ನಡೆಯುತ್ತದೆ. ಬಾಗಲಕೋಟೆ ಜಿಲ್ಲೆಯ ಬಿಸಿಲು ಗೊತ್ತಲ್ಲ, ಬೆಳಿಗ್ಗೆ ಬೇಗ ಹೋಗಿ.