ಮೊದಲ ಸಾವಿರ ಕಿಲೋಮೀಟರ್

ಬೋರ್ ಮಾಡಿಸಿದ ಎಂಜಿನ್ನಿಗೆ ದಿಲ್ಲಿ ಸುತ್ತಮುತ್ತಲ ರಸ್ತೆಗಳು ಆಗಿಬರುವುದಿಲ್ಲ. ಊರೊಳಗೆ ಹೊಕ್ಕರೆ ಸಿಗ್ನಲ್ಲು, ಜಾಮು. ಗಾಡಿ ನಿಂತಲ್ಲೇ ಗುರುಗುಡುತ್ತದೆ. ಊರು ಬಿಟ್ಟು ಹೊರಟರೆ ಯಮುನಾ ಎಕ್ಸ್‌ಪ್ರೆಸ್‌ವೇ. ಗ್ರೇಟರ್ ನೋಯ್ಡಾದಿಂದ ಆಗ್ರಾದವರೆಗೆ 165 ಕಿಲೋಮೀಟರ್, ಒಂದೇ ಗೇರು, ಒಂದೇ ವೇಗ. ಹೊಸ ರಿಂಗುಗಳಿಗೆ ಎರಡೂ ಬೇಡ. ಅವಕ್ಕೆ ಬೇಕಾದ್ದು ಏರಿಳಿತ.

ಕಾರು 2012ರ ಆಲ್ಟೊ. 796 ಸಿಸಿ, ಮೂರು ಸಿಲಿಂಡರು, ಎಚ್‌ಆರ್-51 ನಂಬರು, ಅಂದರೆ ಫರೀದಾಬಾದು. ಒಂದು ಲಕ್ಷ ನಲವತ್ತು ಸಾವಿರ ಓಡಿದ ಮೇಲೆ ಎಣ್ಣೆ ಕುಡಿಯಲು ಶುರುಮಾಡಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹಿಂದೆ ನೀಲಿ ಹೊಗೆ. ಪಿಯುಸಿಯಲ್ಲಿ ಮಾತ್ರ ಪಾಸಾಗುತ್ತಿತ್ತು, ಏಕೆಂದರೆ ಪೆಟ್ರೋಲ್ ಗಾಡಿಗೆ ಅಲ್ಲಿ ಹೊಗೆಯ ದಟ್ಟಣೆ ನೋಡುವುದಿಲ್ಲ, ಅದೇನಿದ್ದರೂ ಡೀಸೆಲ್ಲಿಗೆ.

ಇಂಥ ಗಾಡಿಗೆ ಯಾಕೆ ದುಡ್ಡು ಸುರಿಯುವುದು ಎಂದು ಆಫೀಸಿನಲ್ಲಿ ಕೇಳದವರಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2014ರಲ್ಲಿ ಹೇಳಿತು, ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ ಅದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ಗಾಡಿಗಳಿಗೆ ದಿಲ್ಲಿಯ ಬಂಕುಗಳಲ್ಲಿ ಪೆಟ್ರೋಲೇ ಇಲ್ಲ ಎಂದರು. ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಿದರು. ಆಗಸ್ಟಿನಲ್ಲಿ, ಸದ್ಯಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದು ಕೋರ್ಟು ಹೇಳಿತು. ಸದ್ಯಕ್ಕೆ ಅಂದರೆ ಎಷ್ಟು ದಿನ? ನನ್ನ ಗಾಡಿಗೆ ಹದಿನೈದು ತುಂಬುವುದು 2027ಕ್ಕೆ.

ಆದರೆ ಧಾರವಾಡದಲ್ಲಿ ಅಕ್ಕ ಇದ್ದಾಳೆ. ಹಳಿಯಾಳದ ಕಡೆ ಒಂದು ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು, ನಿವೃತ್ತಿಗೆ ಇನ್ನೂ ನಾಲ್ಕು ವರ್ಷ. ಮೊಣಕಾಲು ಹೋಗಿದೆ, ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದೇ ಅವಳಿಗೊಂದು ಗುಡ್ಡ. ಡ್ರೈವಿಂಗ್ ಬರುತ್ತದೆ, ಕಾರಿಲ್ಲ. ಎನ್‌ಒಸಿ ಪಡೆದು ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸಿದರೆ, ಹದಿನೈದು ತುಂಬಿದ ಮೇಲೂ ತಪಾಸಣೆಯಲ್ಲಿ ಪಾಸಾದ ಗಾಡಿಗೆ ಅಲ್ಲಿ ಮತ್ತೆ ಐದು ವರ್ಷ ಸಿಗುತ್ತದೆ. ಫೋನಿನಲ್ಲಿ ಹೇಳಿದಾಗ, "ಅಷ್ಟ್ ರೊಕ್ಕದಾಗ ಇಲ್ಲೇ ಒಂದು ಹಳೇ ಗಾಡಿ ಬರ್ತಿತ್ತಲ್ಲೋ" ಅಂದಳು. ಬರುತ್ತಿತ್ತು ನಿಜ. ಅದರೊಳಗೇನಿದೆ ಎಂದು ಯಾರಿಗೆ ಗೊತ್ತು? ಕಾಡಿನ ಅಂಚಿನ ಆ ರಸ್ತೆಯಲ್ಲಿ ಸಂಜೆ ಅವಳೊಬ್ಬಳೇ ಗಾಡಿ ನಿಲ್ಲಿಸಿಕೊಂಡು ಕೂರುವುದು ನನಗೆ ಬೇಡವಾಗಿತ್ತು.

ಎಂಜಿನ್ ಬಿಚ್ಚಿದ ಮಿಸ್ತ್ರಿ ಸಿಲಿಂಡರುಗಳನ್ನು ಅರ್ಧ ಮಿಲಿಮೀಟರ್ ದೊಡ್ಡದು ಮಾಡಬೇಕೆಂದ. ಫರೀದಾಬಾದು ಕಾರ್ಖಾನೆಗಳ ಊರು. ಖರಾದಿನ ಅಂಗಡಿಗಳಿಗೆ ಬರವಿಲ್ಲ. ಪಿಸ್ಟನ್, ರಿಂಗು, ಬೇರಿಂಗು ಎಲ್ಲ ಕಶ್ಮೀರಿ ಗೇಟಿನಿಂದ ಬಂದವು. 68.5 ಮಿಲಿಮೀಟರಿನ ಬೋರು 69 ಆಯಿತು. ಲೆಕ್ಕ ಹಾಕಿದರೆ ಈಗಿದು 808 ಸಿಸಿ ಹತ್ತಿರದ ಕಾರು, ಆರ್‌ಸಿಯಲ್ಲಿ ಮಾತ್ರ 796. ನಾನು ಕಾರ್ಖಾನೆಯ ಅಳತೆ ವಿಭಾಗದವನು, ಬೋರ್ ಗೇಜು ತೆಗೆದುಕೊಂಡೇ ಹೋಗಿದ್ದೆ. ಖರಾದಿನವನಿಗೆ ಸಿಟ್ಟು ಬಂತು. ಅಳತೆ ಸರಿ ಇತ್ತು.

ಗಾಡಿ ಕೈಗೆ ಕೊಡುವಾಗ ಮಿಸ್ತ್ರಿ, "ನಯೀ ದುಲ್ಹನ್ ಹೈ, ಪ್ಯಾರ್ ಸೇ ಚಲಾನಾ" ಅಂದ. ಇದನ್ನು ಅಕ್ಕನಿಗೆ ಹೇಳಿದೆ. "ಹೊಸಾ ಸೊಸೀನ್ನ ಯಾರ್ ಇಷ್ಟ್ ಜೋಪಾನ ಮಾಡ್ತಾರ?" ಅಂತ ನಕ್ಕಳು.

ಮಿಸ್ತ್ರಿಯ ಮಾತು ಅರ್ಧ ಮಾತ್ರ ನಿಜ. ಬೋರ್ ಆದ ಮೇಲೆ ಸಿಲಿಂಡರಿನ ಗೋಡೆಗೆ ಹೋನಿಂಗ್ ಮಾಡುತ್ತಾರೆ. ಅಡ್ಡಡ್ಡ ಗೀರುಗಳು, ಚಾಪೆಯ ಹೆಣಿಗೆಯ ಹಾಗೆ. ಗೀರಿನ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ, ಚೂಪಾದ ಉಬ್ಬುಗಳು ರಿಂಗಿಗೆ ಉಜ್ಜಿ ಸವೆಯುತ್ತವೆ. ಹೀಗೆ ರಿಂಗೂ ಗೋಡೆಯೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಅದಕ್ಕೆ ರಿಂಗು ಗೋಡೆಗೆ ಒತ್ತಿ ಕೂರಬೇಕು. ಒತ್ತುವುದು ರಿಂಗಿನ ಸ್ವಂತ ಬಿಗಿತವಷ್ಟೇ ಅಲ್ಲ. ಪೆಟ್ರೋಲ್ ಉರಿದಾಗಿನ ಅನಿಲ ರಿಂಗಿನ ಹಿಂಬದಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ತೀರಾ ಮೆಲ್ಲಗೆ ಓಡಿಸಿದರೆ ಆ ಒತ್ತಡ ಸಾಲದು. ಆಗ ಗೋಡೆಯ ಮೇಲಿನ ಎಣ್ಣೆ ಕಾದು ವಾರ್ನಿಷಿನಂತೆ ಗಟ್ಟಿಯಾಗುತ್ತದೆ, ಗೀರುಗಳು ಮುಚ್ಚುತ್ತವೆ. ಮತ್ತೆ ನೀಲಿ ಹೊಗೆ, ಮತ್ತೆ ಎಂಜಿನ್ ಬಿಚ್ಚಬೇಕು. ಹಾಗೆಂದು ಮೊದಲ ದಿನವೇ ಕಿರುಚಿಸಿದರೆ ಉಜ್ಜಾಟದ ಬಿಸಿಗೆ ಪಿಸ್ಟನ್ನೇ ಗೀಚಿಹೋಗಬಹುದು. ಪ್ರೀತಿ ಇರಲಿ, ಕೆಲಸವನ್ನೂ ಕೊಡಬೇಕು.

ಕೆಲಸ ಕೊಡಲು ಸಿಕ್ಕಿದ್ದು ಗುರುಗ್ರಾಮ–ಫರೀದಾಬಾದ್ ರಸ್ತೆ. ಅರಾವಳಿಯ ಮೈಮೇಲೆ ಹಾದುಹೋಗುವ ದಾರಿ, ಸಣ್ಣ ಸಣ್ಣ ಏರು, ಉದ್ದ ಇಳಿಜಾರು. ಸೆಪ್ಟೆಂಬರಿನ ಬೆಳಿಗ್ಗೆ ಐದಕ್ಕೆ ಹೊರಟರೆ ಲಾರಿಗಳು ಬಿಟ್ಟು ಬೇರೆ ಯಾರಿಲ್ಲ. ಎಂಜಿನ್ ಬಿಸಿಯಾಗುವವರೆಗೆ ಸುಮ್ಮನೆ ಹೋಗುವುದು. ಆಮೇಲೆ ಏರಿನಲ್ಲಿ ಮೂರನೇ ಗೇರಿನಲ್ಲಿ 35ರಿಂದ 60ರವರೆಗೆ ಎಳೆಸುವುದು, ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಬಿಡುವುದು. ಹಾಗೆ ಬಿಟ್ಟಾಗ ಸಿಲಿಂಡರಿನೊಳಗೆ ನಿರ್ವಾತ ಹುಟ್ಟಿ ಸ್ವಲ್ಪ ಎಣ್ಣೆ ರಿಂಗಿನತ್ತ ಏರುತ್ತದೆ. ಉಜ್ಜಿದ ಜಾಗ ತಂಪಾಗುತ್ತದೆ. ಮತ್ತೆ ಏರು, ಮತ್ತೆ ಇಳಿಜಾರು. ಮಳೆ ಮುಗಿದ ಹೊತ್ತು, ಮಾಂಗರ್ ಕಡೆಯ ಕಾಡು ಹಸಿರಾಗಿತ್ತು. ಅದೇ ದಾರಿಯಲ್ಲಿ ಬಂಧ್‌ವಾಡಿಯ ಕಸದ ಗುಡ್ಡವೂ ಬರುತ್ತದೆ. ಗಾಜು ಏರಿಸಿದರೂ ನಾತ ಒಳಗೆ ಬರುತ್ತಿತ್ತು.

ಎಲ್ಲಿಗೂ ಹೋಗದೆ ಪೆಟ್ರೋಲ್ ಸುಡುತ್ತಾ ತಿರುಗುವುದು, ಅದೂ ದೀಪಾವಳಿ ಬಂದರೆ ಉಸಿರು ಕಟ್ಟುವ ಈ ಊರಿನಲ್ಲಿ, ಮನಸ್ಸಿಗೆ ಅಷ್ಟು ಸಲೀಸಾಗಿರಲಿಲ್ಲ. ಎಣ್ಣೆ ಸುಡುವ ಗಾಡಿಯನ್ನು ಹಾಗೇ ಊರಿಗೆ ಸಾಗಹಾಕುವುದಕ್ಕಿಂತ ಇದು ಮೇಲು ಎಂದುಕೊಂಡೆ. ಈಗಲೂ ಹಾಗೇ ಅನ್ನಿಸುತ್ತದೆ.

ಮೊದಲು ಹಾಕಿಸಿದ್ದು ಸಾದಾ ಮಿನರಲ್ ಎಣ್ಣೆ. ಸಿಂಥೆಟಿಕ್ ತೀರಾ ಜಾರುತ್ತದೆ, ರಿಂಗು ಕೂರಲು ತಡವಾಗುತ್ತದೆ ಎಂಬುದು ಹಳೆಯ ಮಿಸ್ತ್ರಿಗಳ ವಾದ, ನನಗೂ ಒಪ್ಪಿಗೆ. ಇನ್ನೂರು ಕಿಲೋಮೀಟರಿಗೆ ಅದನ್ನು ಬಸಿದಾಗ ಬಿಸಿಲಿಗೆ ಹಿಡಿದರೆ ಲೋಹದ ಪುಡಿ ಮಿನುಗುತ್ತಿತ್ತು, ಜಾತ್ರೆಯ ಜರಿಯ ಹಾಗೆ. ಸಾವಿರಕ್ಕೆ ಬಸಿದದ್ದರಲ್ಲಿ ಹುಡುಕಿದರೂ ಅಷ್ಟು ಕಾಣಲಿಲ್ಲ. ಎರಡರ ನಡುವೆ ಎಣ್ಣೆ ಮೇಲೆ ಹಾಕುವ ಪ್ರಸಂಗವೇ ಬರಲಿಲ್ಲ.

ಅಕ್ಟೋಬರಿನಲ್ಲಿ ನಾನೇ ಓಡಿಸಿಕೊಂಡು ಹೋಗಿ ಧಾರವಾಡದ ಮನೆಯ ಮುಂದೆ ನಿಲ್ಲಿಸಿದೆ. ಡಿಪ್‌ಸ್ಟಿಕ್ ನೋಡುವುದು ಹೇಗೆಂದು ಅಕ್ಕನಿಗೆ ಹೇಳಿಕೊಟ್ಟೆ: ಸಪಾಟು ನೆಲ, ತಣ್ಣಗಿನ ಎಂಜಿನ್, ಒಮ್ಮೆ ಒರೆಸಿ ಮತ್ತೊಮ್ಮೆ ಅದ್ದಬೇಕು. ಶಾಲೆಯ ಹಾಜರಿ ಪುಸ್ತಕದ ಶಿಸ್ತಿನಲ್ಲಿ ಪ್ರತಿ ಭಾನುವಾರ ಅವಳು ಅದರ ಫೋಟೋ ಕಳಿಸುತ್ತಾಳೆ. ಕಳೆದ ವಾರದ್ದರಲ್ಲಿ ಎಣ್ಣೆ ಮೇಲಿನ ಗುರುತಿಗಿಂತ ಕೂದಲೆಳೆಯಷ್ಟು ಕೆಳಗಿತ್ತು. ಕೆಳಗೊಂದು ಸಾಲು ಬರೆದಿದ್ದಳು: "ಇನ್ನರೆ ಅರವತ್ತು ದಾಟಿಸ್ಲೇನೋ?"